ಮಾಮ ನೋಡದ ಗೋಲು

ಡಗ್ಲಸ್, ಕಾರ್ಕ್
19 ಜನವರಿ 2025, ಭಾನುವಾರ

ಪ್ರೀತಿಯ ಶ್ರೀವತ್ಸ ಮಾಮನಿಗೆ,

ನಮಸ್ಕಾರ. ನಾನು ಕ್ಷೇಮ. ನೀವು ಕ್ಷೇಮವೇ? ಇಷ್ಟನ್ನು ಪಾರ್ವತಿ ಮಿಸ್ ಬೋರ್ಡಿನ ಮೇಲೆ ಬರೆದುಕೊಟ್ಟರು. ಉಳಿದದ್ದು ನನ್ನದು.

ನಾನು ತನ್ವಿ, ನಿಮ್ಮ ಅಕ್ಕ ಅನಸೂಯಾ ಅವರ ಮಗಳು. ನನಗೆ ಒಂಬತ್ತು ವರ್ಷ, ಏಪ್ರಿಲ್‌ನಲ್ಲಿ ಹತ್ತು. ಪ್ರತಿ ಭಾನುವಾರ ಕನ್ನಡ ಕ್ಲಾಸಿಗೆ ಹೋಗುತ್ತೇನೆ. ಈ ವಾರದ ಹೋಮ್‌ವರ್ಕ್ ಏನೆಂದರೆ, ಅಮ್ಮನ ಕಡೆಯ ಒಬ್ಬ ನೆಂಟರಿಗೆ ಕನ್ನಡದಲ್ಲಿ ಪತ್ರ ಬರೆದು, ಸ್ಟ್ಯಾಂಪ್ ಅಂಟಿಸಿ, ಪೋಸ್ಟ್ ಮಾಡಬೇಕು. ಉತ್ತರ ಬಂದರೆ ಕ್ಲಾಸಿನಲ್ಲಿ ಎಲ್ಲರ ಮುಂದೆ ಓದಬೇಕು. ಬೇರೆ ಎಲ್ಲರೂ ಇಂಡಿಯಾದ ಅಜ್ಜಿಗೆ ಬರೆಯುತ್ತಿದ್ದಾರೆ. ಅಮ್ಮನ ಕಡೆ ನನಗೆ ಅಜ್ಜಿ ತಾತ ಇಬ್ಬರೂ ಇಲ್ಲ. ನೀವೊಬ್ಬರೇ ಇದ್ದೀರಿ, ಅದೂ ಇದೇ ದೇಶದಲ್ಲಿ.

ನಿಮ್ಮ ವಿಳಾಸ ನನ್ನ ಬರ್ತ್‌ಡೇ ಕಾರ್ಡಿನ ಕವರ್ ಮೇಲೆ ಇತ್ತು. ನೀವು ಪ್ರತಿ ವರ್ಷ ಕಳಿಸುತ್ತೀರಿ. ಅಮ್ಮ ಅದನ್ನು ತೆರೆಯದೆ ನನ್ನ ಕೈಗೆ ಕೊಡುತ್ತಾಳೆ. ನಿಮಗೆ ಬರೆಯಲಾ ಎಂದು ಕೇಳಿದಾಗ ಅಮ್ಮ ದೋಸೆ ಹುಯ್ಯುತ್ತಿದ್ದಳು. ದೋಸೆ ಸೀದುಹೋಯಿತು. ಆಮೇಲೆ "ಹೋಮ್‌ವರ್ಕ್ ತಾನೆ, ಬರಿ" ಅಂದಳು.

ನಾನು ಫುಟ್‌ಬಾಲ್ ಆಡುತ್ತೇನೆ. ಲೆಫ್ಟ್ ಬ್ಯಾಕ್. ನಿಮಗೆ ಯಾವ ಆಟ ಇಷ್ಟ? ದಯವಿಟ್ಟು ಉತ್ತರ ಬರೆಯಿರಿ. ಇಲ್ಲದಿದ್ದರೆ ಕ್ಲಾಸಿನಲ್ಲಿ ನಾನು ಸುಮ್ಮನೆ ಕೂರಬೇಕು.

ಇಂತಿ ನಿಮ್ಮ ಸೋದರಸೊಸೆ (ಹೀಗೆ ಬರೆಯಬೇಕಂತೆ),
ತನ್ವಿ


ಮೇನೂತ್
27 ಜನವರಿ 2025

ಮುದ್ದು ತನ್ವಿಗೆ ಮಾಮನ ಆಶೀರ್ವಾದ.

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ, ಆಮೇಲೆ ಕೂತು ಓದಿದೆ. ಕನ್ನಡದಲ್ಲಿ ಕೈಬರಹದ ಕಾಗದ ಬಂದು ನನಗೆ ಎಷ್ಟು ವರ್ಷವಾಯಿತೋ! ನಿನ್ನ ಅಕ್ಷರ ನನ್ನದಕ್ಕಿಂತ ದುಂಡಗಿದೆ. ನಾನು ನಿನ್ನ ವಯಸ್ಸಿನಲ್ಲಿ ಬರೆಯುತ್ತಿದ್ದುದನ್ನು ನೋಡಿ ನಿನ್ನ ಅಮ್ಮ "ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದ ಹಾಗಿದೆ" ಅನ್ನುತ್ತಿದ್ದಳು. ಇದನ್ನು ಕ್ಲಾಸಿನಲ್ಲಿ ಓದಬೇಡ.

ನಾನು ಇಲ್ಲಿಯ ಯೂನಿವರ್ಸಿಟಿಯಲ್ಲಿ ಮಳೆಯ ಲೆಕ್ಕ ನೋಡುವವನು. ನೂರು ವರ್ಷದ ಹಿಂದೆ ಯಾವ ಊರಲ್ಲಿ ಯಾವ ದಿನ ಎಷ್ಟು ಮಳೆ ಬಿತ್ತು ಎಂದು ಯಾರೋ ಪಾದ್ರಿಗಳು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತೇನೆ. ಐರ್ಲೆಂಡಿನಲ್ಲಿ ಮಳೆ ಅಳೆಯುವವನಿಗೆ ಕೆಲಸ ಹೋಗುವ ಭಯವಿಲ್ಲ. ಇದನ್ನು ಬೇಕಾದರೆ ಓದು.

ಯಾವ ಆಟ ಇಷ್ಟ ಎಂದು ಕೇಳಿದ್ದೀಯ. ಒಂದು ಕಾಲದಲ್ಲಿ ಕ್ರಿಕೆಟ್ ಎಂದರೆ ಪ್ರಾಣ ಬಿಡುತ್ತಿದ್ದೆ. ಈಗ ನೋಡುವುದನ್ನು ಬಿಟ್ಟಿದ್ದೇನೆ. ನನಗೆ ಎಂಟು ವರ್ಷವಾಗಿದ್ದಾಗ ಮೈಸೂರಿನ ಮಹಾರಾಜ ಕಾಲೇಜು ಮೈದಾನಕ್ಕೆ ನನ್ನನ್ನು ಮೊದಲ ಸಲ ದೊಡ್ಡ ಪಂದ್ಯಕ್ಕೆ ಕರೆದುಕೊಂಡು ಹೋದವಳು ನಿನ್ನ ಅಮ್ಮ. ಅವಳಿಗಾಗ ಹದಿನಾಲ್ಕು. ಬುತ್ತಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡಿದ್ದಳು. ಇಡೀ ದಿನ ನನ್ನ ಷರ್ಟಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು. ಸಂಜೆ ಹೊತ್ತಿಗೆ ಷರ್ಟು ಸುಕ್ಕುಗಟ್ಟಿ ಹೋಗಿತ್ತು.

ಲೆಫ್ಟ್ ಬ್ಯಾಕ್ ಎಂದರೆ ಎಡಗಡೆ ಹಿಂದೆ ನಿಂತು ಕಾಯುವವರು ತಾನೇ? ಅದು ನಿನ್ನ ಅಮ್ಮನ ವಂಶದ ಗುಣ.

ಕ್ಲಾಸಿನಲ್ಲಿ ಸುಮ್ಮನೆ ಕೂರಬೇಡ, ಓದು. ಹೋಮ್‌ವರ್ಕ್ ಮುಗಿದ ಮೇಲೂ ಬರಿ.

ನಿನ್ನ ಮಾಮ,
ಶ್ರೀವತ್ಸ


ಡಗ್ಲಸ್
23 ಫೆಬ್ರವರಿ 2025

ಪ್ರೀತಿಯ ಮಾಮನಿಗೆ,

ನಿಮ್ಮ ಪತ್ರ ಓದಿದೆ. ಇರುವೆಯ ವಿಷಯವನ್ನೂ ಓದಿಬಿಟ್ಟೆ, ಸಾರಿ. ಎಲ್ಲರೂ ನಕ್ಕರು. ಮನೆಗೆ ಬಂದು ಅಮ್ಮನಿಗೂ ಓದಿದೆ. ಚಿತ್ರಾನ್ನ ಅಲ್ಲವಂತೆ, ಪುಳಿಯೋಗರೆಯಂತೆ. ಅಷ್ಟೇ ಹೇಳಿದಳು.

ಇದು ಹೋಮ್‌ವರ್ಕ್ ಅಲ್ಲ. ನನಗೆ ಒಂದು ಸಹಾಯ ಬೇಕು. ನಮ್ಮ ಫುಟ್‌ಬಾಲ್ ಕ್ಲಬ್ಬಿನವರು ಮೇ 16ರ ಶುಕ್ರವಾರ ಹತ್ತು ವರ್ಷದವರನ್ನೆಲ್ಲ ಟರ್ನರ್ಸ್ ಕ್ರಾಸ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಕಾರ್ಕ್ ತಂಡದ ಮ್ಯಾಚ್. ನಿಜವಾದ ಮ್ಯಾಚ್ ಮಾಮ, ಆಡುವವರಿಗೆ ಅದೇ ಕೆಲಸ, ನಿಮಗೆ ಮಳೆ ಇದ್ದ ಹಾಗೆ! ನಾನು ಇದುವರೆಗೆ ಒಂದೂ ನೋಡಿಲ್ಲ. ನನ್ನ ಫ್ರೆಂಡ್ ಓರ್ಲಾ ಆರು ಸಲ ಹೋಗಿದ್ದಾಳೆ. ಆದರೆ ಪ್ರತಿಯೊಬ್ಬರ ಜೊತೆ ಮನೆಯ ದೊಡ್ಡವರೊಬ್ಬರು ಬರಲೇಬೇಕು. ಅಪ್ಪ ಮೇ ತಿಂಗಳು ಪೂರ್ತಿ ಬೆಂಗಳೂರಿನಲ್ಲಿರುತ್ತಾರೆ, ಅಪ್ಪನ ಕಡೆಯ ಅಜ್ಜಿಗೆ ಮಂಡಿ ಆಪರೇಷನ್. ಅಮ್ಮನಿಗೆ ಆಸ್ಪತ್ರೆಯಲ್ಲಿ ಆ ವಾರ ನೈಟ್ ಡ್ಯೂಟಿ, ಬದಲಾಯಿಸಲು ಯಾರೂ ಒಪ್ಪಲಿಲ್ಲ. ಪಾರ್ವತಿ ಮಿಸ್ ಪಕ್ಕದ ಮನೆಯವರು, ಮನೆಯವರಲ್ಲ. ನೀವು ಮನೆಯವರು. ಬರುತ್ತೀರಾ?

ನಿಮ್ಮನ್ನು ಕರೆಯಲಾ ಎಂದು ಅಮ್ಮನನ್ನು ಕೇಳಿದೆ. ಅಮ್ಮ ಕೆಲವಕ್ಕೆ ಉತ್ತರ ಹೇಳುವುದಿಲ್ಲ. ನನ್ನ ಕ್ಲಾಸಿನಲ್ಲಿ ಎಲ್ಲ ಹುಡುಗಿಯರಿಗೂ ಕಿವಿಯಲ್ಲಿ ಓಲೆ ಇದೆ, ಓರ್ಲಾಗೂ ಇದೆ. ನನಗೆ ಯಾಕೆ ಚುಚ್ಚಿಸಿಲ್ಲ ಎಂದು ಕೇಳಿದರೆ "ಆಗುತ್ತೆ, ಆಗುತ್ತೆ" ಅನ್ನುತ್ತಾಳೆ.

ನೀವು ಅಮ್ಮನಿಗೇ ಬರೆದು ಕೇಳಿ. ನೀವು ಪತ್ರ ಚೆನ್ನಾಗಿ ಬರೆಯುತ್ತೀರಿ.

ನಿಮ್ಮ,
ತನ್ವಿ


ಮೇನೂತ್
2 ಮಾರ್ಚ್ 2025

ಅಕ್ಕನಿಗೆ ವತ್ಸ ಮಾಡುವ ನಮಸ್ಕಾರಗಳು.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಫೋನ್ ಮಾಡೋಣವೆಂದರೆ ಮೊದಲ ನಿಮಿಷಕ್ಕೇ ನಾವಿಬ್ಬರೂ ಕೂಗಾಡುತ್ತೇವೆ, ಅದು ನಿನಗೂ ಗೊತ್ತು. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ತನ್ವಿ ಮ್ಯಾಚಿಗೆ ಕರೆದಿದ್ದಾಳೆ. ನಿನ್ನನ್ನು ಕೇಳದೆ ಹೂಂ ಅನ್ನುವುದಿಲ್ಲ. ಕೇಳುವ ಮೊದಲು, ಆರೂವರೆ ವರ್ಷದ ಹಿಂದೆ ಹೇಳಬೇಕಾಗಿದ್ದನ್ನು ಹೇಳಿಬಿಡುತ್ತೇನೆ.

ಆ ಆಗಸ್ಟಿನಲ್ಲಿ ನಾನಿನ್ನೂ ಡನ್ ಲಿಯರಿಯಲ್ಲಿದ್ದೆ. ನಿನ್ನ ಪರೀಕ್ಷೆ ಡಬ್ಲಿನ್ನಿನಲ್ಲಿ. ಮೂರು ವರ್ಷದ ಮಗುವನ್ನು ಬೆಳಿಗ್ಗೆ ನನ್ನ ಕೈಗೆ ಕೊಟ್ಟು ಹೋದೆ. ನಾನು ಅವಳನ್ನು ಸಮುದ್ರದ ಕಟ್ಟೆಯ ಮೇಲೆ ನಡೆಸಿಕೊಂಡು ಹೋದೆ. ಬೆಂಚಿನ ಮೇಲೆ ಕೂತು ಫೋನ್ ತೆಗೆದೆ. ಕ್ರಿಕೆಟ್ಟಿನ ಕೊನೆಯ ಓವರು, ಆರೇ ಆರು ಬಾಲು. ತಲೆ ಎತ್ತಿದಾಗ ಮಗು ಇರಲಿಲ್ಲ. ಎಡಕ್ಕೂ ನೀರು, ಬಲಕ್ಕೂ ನೀರು. ನಲವತ್ತು ನಿಮಿಷ ಓಡಾಡಿದೆ ಅಕ್ಕ. ಪೊಲೀಸ್ ಗಾರ್ಡಾ ಒಬ್ಬ ಬಂದು "ಅವಳು ಗ್ರ್ಯಾಂಡ್ ಆಗಿರ್ತಾಳೆ, ಏನೂ ಆಗಿರಲ್ಲ ಬಿಡಪ್ಪ" ಎಂದು ಭುಜ ತಟ್ಟಿದ. ನಾನು ನೀರನ್ನೇ ನೋಡುತ್ತಿದ್ದೆ. ಕೊನೆಗೆ ಐಸ್‌ಕ್ರೀಮ್ ಅಂಗಡಿಯ ಮುಂದೆ, ಒಬ್ಬ ಮುದುಕಿ ಮತ್ತು ಅವರ ನಾಯಿಯ ಜೊತೆ ಕೂತಿದ್ದಳು.

ಇಷ್ಟು ನಿನಗೆ ಗೊತ್ತು. ನಾನು ಒಪ್ಪಿಕೊಳ್ಳದೇ ಉಳಿದದ್ದು ಮುಂದಿನದು. ಅವಳಿಗೆ ಐಸ್‌ಕ್ರೀಮ್ ಕೊಡಿಸಿ "ಅಮ್ಮಂಗೆ ಹೇಳೋದು ಬೇಡ ಪುಟ್ಟಾ" ಅಂದೆ. ಸಂಜೆ ನೀನು ಬಂದು "ಹೇಗಿದ್ಲು?" ಎಂದು ಕೇಳಿದಾಗ "ಬಂಗಾರದ ಹಾಗಿದ್ಲು" ಅಂದೆ. ನೀನು ನನ್ನನ್ನು ಹೊಗಳಿ, ನಿನ್ನ ತಟ್ಟೆಯ ಹಪ್ಪಳ ಮುರಿದು ನನಗೆ ಕೊಟ್ಟೆ. ನಾನು ತಿಂದೆ. ಆಗ ತನ್ವಿ ತುತ್ತು ನುಂಗಿ ಹೇಳಿದಳು: "ಅಮ್ಮಾ, ಮಾಮ ಕಳೆದೋಗಿದ್ದ. ನಾನೂ ನಾಯಿನೂ ಹುಡುಕಿದ್ವಿ."

ನೀನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗುವನ್ನು ಎತ್ತಿಕೊಂಡು "ಇನ್ನು ಇವಳ ಹತ್ತಿರ ಬರಬೇಡ" ಎಂದು ಹೇಳಿ ಕಾರ್ಕ್ ರೈಲು ಹಿಡಿದೆ. ಆಮೇಲೆ ಅಪ್ಪನ ಕಾರ್ಯಕ್ಕೆ ಮೈಸೂರಿನಲ್ಲಿ ಸೇರಿದಾಗಲೂ ಹದಿಮೂರು ದಿನ "ಊಟ ಆಯ್ತಾ", "ಆಯ್ತು", ಇಷ್ಟೇ ನಮ್ಮ ಮಾತು. ಆ ಕಟ್ಟೆಯ ಮೇಲೆ ನಡೆಯಲಾರದೆ ಮನೆ ಬಿಟ್ಟು ಮೇನೂತಿಗೆ ಬಂದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ತಪ್ಪಾಯಿತು ಅಕ್ಕ. ಕಳೆದದ್ದೂ ತಪ್ಪು, ಮುಚ್ಚಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು.

ಇನ್ನೊಂದು. ಇನ್ನೂ ಕಿವಿ ಚುಚ್ಚಿಸಿಲ್ಲವೆಂದು ತನ್ವಿ ಬರೆದಿದ್ದಾಳೆ. ಆ ಡಿಸೆಂಬರಿನಲ್ಲಿ ಮೈಸೂರಿಗೆ ಹೋಗಿ, ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದೆಂದು ನಾವೇ ಮಾತಾಡಿದ್ದೆವು. ಕಾರಣ ಕೇಳುವುದಿಲ್ಲ. ಆಗಲೇ ಮಾಡಿಸಿದ್ದ ಓಲೆ ನನ್ನ ಬೀರುವಿನಲ್ಲಿ ಹಾಗೇ ಇದೆ ಎಂದು ಮಾತ್ರ ತಿಳಿಸುತ್ತಿದ್ದೇನೆ.

ಮೇ 16ಕ್ಕೆ ಬರಲಾ? ಬೇಡವೆಂದರೆ ತನ್ವಿಗೆ ನನಗೇ ಪುರುಸೊತ್ತಿಲ್ಲ ಎಂದು ಬರೆಯುತ್ತೇನೆ. ನಿನ್ನ ಮೇಲೆ ಬರುವುದು ಬೇಡ.

ನಿನ್ನ ತಮ್ಮ,
ವತ್ಸ


ಡಗ್ಲಸ್
6 ಏಪ್ರಿಲ್ 2025

ಪ್ರೀತಿಯ ಮಾಮನಿಗೆ,

ಬರ್ತ್‌ಡೇ ಕಾರ್ಡ್ ಬಂತು. ಥ್ಯಾಂಕ್ಸ್. ಹತ್ತಾಯಿತು.

ಅಮ್ಮ ನಿಮಗೆ ಇನ್ನೂ ಉತ್ತರ ಬರೆದಿಲ್ಲ ಅಂತ ನನಗೆ ಗೊತ್ತು, ಯಾಕೆಂದರೆ ಸ್ಟ್ಯಾಂಪ್ ಇರುವುದು ನನ್ನ ಡ್ರಾಯರಿನಲ್ಲಿ. ಆದರೆ ಕೋಪ ಇಲ್ಲ ಅಂತ ಕಾಣುತ್ತದೆ. ನಿಮ್ಮ ಪತ್ರವನ್ನು ಸ್ಟೆತಸ್ಕೋಪ್ ಬ್ಯಾಗಿನಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋಗುತ್ತಾಳೆ, ವಾಪಸ್ ತರುತ್ತಾಳೆ. ಮೊನ್ನೆ ಅಪ್ಪನಿಗೆ ಹೇಳುತ್ತಿದ್ದಳು, "ಹೂಂ ಅನ್ನೋಕೂ ಆಗ್ತಿಲ್ಲ, ಬೇಡ ಅನ್ನೋಕೂ ಆಗ್ತಿಲ್ಲ ದಿಲೀಪ್, ಬಾಯಲ್ಲಿ ಬಿಸಿ ತುಪ್ಪ ಇಟ್ಕೊಂಡ ಹಾಗಾಗಿದೆ." ಅಪ್ಪ ಹೇಳಿದರು, "ಆರೋಕ್ಕೆ ಬಿಡು, ಆಮೇಲೆ ನುಂಗು."

ನಾನು ಚಿಕ್ಕವಳಿದ್ದಾಗ ಕಳೆದುಹೋಗಿದ್ದೆನಂತೆ. ಅಪ್ಪ ಹೇಳಿದರು. ನನಗೆ ನಾಯಿ ಮಾತ್ರ ನೆನಪಿದೆ. ಒಳ್ಳೆಯ ನಾಯಿ.

ಮ್ಯಾಚಿಗೆ ಹೆಸರು ಕೊಡಲು ಏಪ್ರಿಲ್ 30 ಕೊನೆಯ ದಿನ.

ತನ್ವಿ


ಡಗ್ಲಸ್, ಕಾರ್ಕ್
25 ಏಪ್ರಿಲ್ 2025

ಶ್ರೀವತ್ಸನಿಗೆ,

ಕಾಗದ ತಲುಪಿತು. ತಡವಾಯಿತು. ತಡ ಮಾಡಿದ್ದು ನಾನೇ, ಪೋಸ್ಟಿನವರಲ್ಲ.

ಮೇ 16ಕ್ಕೆ ಬಾ. ಕ್ಲಬ್ಬಿಗೆ ನಿನ್ನ ಹೆಸರು ಕೊಟ್ಟಿದ್ದೇನೆ. ಸಂಜೆ ಆರಕ್ಕೆ ಪಾರ್ವತಿಯವರ ಮನೆಯಿಂದ ಅವಳನ್ನು ಕರೆದುಕೊಳ್ಳಬೇಕು. ಆಗ ನಾನು ಆಸ್ಪತ್ರೆಯಲ್ಲಿರುತ್ತೇನೆ. ಏಳೂಮುಕ್ಕಾಲಿಗೆ ಆಟ ಶುರು. ಹತ್ತರೊಳಗೆ ಮತ್ತೆ ಪಾರ್ವತಿಯವರ ಕೈಗೆ ಒಪ್ಪಿಸಬೇಕು. ಅವರಿಗೆ ಹೇಳಿದ್ದೇನೆ, ಅವಳು ಅಲ್ಲೇ ಮಲಗುತ್ತಾಳೆ. ನಾನು ಬೆಳಿಗ್ಗೆ ಎಂಟೂವರೆಗೆ ಬರುತ್ತೇನೆ.

ಫೋನು ಜೇಬಿನಲ್ಲೇ ಇರಲಿ, ಆದರೆ ಆಫ್ ಮಾಡಬೇಡ. ಚಿಪ್ಸ್ ಒಂದು ಪೊಟ್ಟಣ ಸಾಕು, ಎರಡನೆಯದಕ್ಕೆ ಅವಳು ವಾದ ಮಾಡುತ್ತಾಳೆ, ಸೋಲಬೇಡ. ರೇನ್‌ಕೋಟ್ ಬ್ಯಾಗಿನಲ್ಲಿದೆ. ಮಳೆ ಅಳೆಯುವವನಿಗೆ ಇದನ್ನು ಹೇಳಬೇಕಾಗಿಲ್ಲ. ಅವಳು ಕೈ ಹಿಡಿಯಲು ಬಿಡುವುದಿಲ್ಲ, ಹತ್ತು ವರ್ಷದವಳು. ಆದರೆ ಬ್ಯಾಗಿನ ಪಟ್ಟಿ ಹಿಡಿದರೆ ಸುಮ್ಮನಿರುತ್ತಾಳೆ.

ನಿನ್ನ ಕಾಗದದ ಒಂದು ಮಾತಿಗೆ ಮಾತ್ರ ಉತ್ತರ ಕೊಡುತ್ತೇನೆ. ಕಳೆದದ್ದು ಯಾರಿಂದಲಾದರೂ ಆಗಬಹುದಿತ್ತು. ವಾರ್ಡಿನಲ್ಲಿ ದಿನಾ ನೋಡುತ್ತೇನೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಏನೇನೋ ಆಗುತ್ತದೆ. ಆದರೆ ನೀನು ನನ್ನ ಹಪ್ಪಳ ತಿಂದೆಯಲ್ಲ ವತ್ಸ, ಅದು ನನಗೆ ಇವತ್ತಿಗೂ ಗಂಟಲಲ್ಲಿದೆ. ನಮ್ಮಿಬ್ಬರ ಮಧ್ಯೆ ಸುಳ್ಳು ಇರಲಿಲ್ಲ. ಅಮ್ಮ ಹೋದ ಮೇಲೆ ನಿನ್ನ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ನಾನು. ನೀನು ಜೇಬಿನಲ್ಲಿ ಕಪ್ಪೆ ಇಟ್ಟುಕೊಂಡರೂ ಮೊದಲು ನನಗೆ ಹೇಳುತ್ತಿದ್ದೆ.

ಆದ್ದರಿಂದ ಇಷ್ಟೇ. ಏನೂ ಆಗಬಾರದು. ಆದರೆ, ಎಷ್ಟೇ ಚಿಕ್ಕದಿರಲಿ, ಅದು ನನಗೆ ಮೊದಲು ನಿನ್ನಿಂದ ತಿಳಿಯಬೇಕು. ಮಗಳ ಬಾಯಿಂದ ಇನ್ನೊಮ್ಮೆ ಕೇಳಿದರೆ ನಾನು ಮತ್ತೆ ಕಾಗದ ಬರೆಯುವುದಿಲ್ಲ.

ಓಲೆಯ ವಿಷಯ ಈಗ ಬೇಡ.

ಅನಸೂಯಾ


ಕಾರ್ಕ್
17 ಮೇ 2025, ಶನಿವಾರ, ಬೆಳಿಗ್ಗೆ ಆರು ಗಂಟೆ

ಅಕ್ಕನಿಗೆ,

ಇದಕ್ಕೆ ಸ್ಟ್ಯಾಂಪ್ ಇಲ್ಲ. ಗೆಸ್ಟ್‌ಹೌಸಿನಲ್ಲಿ ಕೂತು ಬರೆಯುತ್ತಿದ್ದೇನೆ. ರೈಲಿಗೆ ಹೋಗುವ ಮೊದಲು ನಿನ್ನ ಬಾಗಿಲಿನ ಸಂದಿಯಲ್ಲಿ ಹಾಕುತ್ತೇನೆ. ನೀನು ಪಾರ್ವತಿಯವರ ಮನೆಗೆ ಹೋಗಿ ತನ್ವಿಯನ್ನು ನೋಡುವ ಮೊದಲು ಇದನ್ನು ಓದಬೇಕು.

ತನ್ವಿ ಕ್ಷೇಮ. ಒಂದು ತರಚು ಗಾಯವೂ ಇಲ್ಲ. ಆದರೆ ನಿನ್ನೆ ಸಂಜೆ ನಾಲ್ಕು ನಿಮಿಷ ಅವಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹೇಗೆಂದು ಹೇಳುತ್ತೇನೆ. ಡಗ್ಲಸ್‌ನಿಂದ ನಡೆದೇ ಹೋದೆವು. ಬ್ಯಾಗಿನ ಪಟ್ಟಿ ಹಿಡಿದಿದ್ದೆ. ಮೈದಾನದ ಬಾಗಿಲಿನ ಕಬ್ಬಿಣದ ತಿರುಗಣೆ ದಾಟಿದ್ದೇ ಅವಳು ನಿಂತುಬಿಟ್ಟಳು. ಹುಲ್ಲು ಅಷ್ಟು ಹಸಿರಾಗಿರುತ್ತದೆಂದು ಟಿವಿಯಲ್ಲಿ ಗೊತ್ತೇ ಆಗುವುದಿಲ್ಲವಂತೆ. ಬಾಯಿ ತೆರೆದೇ ಇತ್ತು. ಅಕ್ಕ, ಆ ಮುಖ ನೋಡಲು ನೀನು ಇರಬೇಕಿತ್ತು. ಡೋಲು ಬಡಿಯುವವರು, ಹಾಡುವವರು, ನಮ್ಮ ಹಿಂದೆ ಒಬ್ಬ ಅಜ್ಜ ರೆಫರಿಗೆ ಇಡುತ್ತಿದ್ದ ಹೆಸರುಗಳು. ಅವನ್ನು ತನ್ವಿ ನಿನಗೆ ಹೇಳದಿರಲಿ ಎಂದು ಪ್ರಾರ್ಥಿಸುತ್ತೇನೆ. ಚಿಪ್ಸ್ ಎರಡು ಪೊಟ್ಟಣವಾಯಿತು. ಸೋತೆ.

ಮಧ್ಯಂತರದಲ್ಲಿ ತನ್ವಿ ಮತ್ತು ಓರ್ಲಾ ಟಾಯ್ಲೆಟ್ಟಿಗೆ ಹೋದರು. ನಾನು ಹೆಂಗಸರ ಬಾಗಿಲ ಮುಂದೆ ನಿಂತೆ. ಉದ್ದ ಕ್ಯೂ. ಆಟ ಮತ್ತೆ ಶುರುವಾಯಿತು, ಕ್ಯೂ ಕರಗಿತು, ಇವರು ಬರಲಿಲ್ಲ. ಒಳಗಿಂದ ಬಂದ ಹೆಂಗಸೊಬ್ಬರನ್ನು ಕೇಳಿದರೆ, ಒಳಗೆ ಯಾರೂ ಇಲ್ಲ, ಆ ಕಡೆ ಇನ್ನೊಂದು ಬಾಗಿಲಿದೆ ಅಂದರು. ನನಗದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕಿತ್ತು.

ಮೈದಾನದ ಕಾವಲಿನ ಹಳದಿ ಜಾಕೆಟ್ಟಿನವನು "ಗ್ರ್ಯಾಂಡ್ ಆಗಿರ್ತಾಳೆ" ಎಂದ. ಅದೇ ಮಾತು ಅಕ್ಕ! ಓಡಿದೆ. ಆಗಲೇ ಇಡೀ ಮೈದಾನ ಒಮ್ಮೆಲೇ ಕೂಗಿತು. ಕಾರ್ಕ್ ಗೋಲು ಹೊಡೆದಿತ್ತು. ಸುತ್ತ ಎಲ್ಲರೂ ಎದ್ದು ಕುಣಿಯುತ್ತಿದ್ದರು, ನಾನು ಅವರ ಸೊಂಟದ ಮಟ್ಟದಲ್ಲಿ ಮುಖಗಳನ್ನು ಹುಡುಕುತ್ತಿದ್ದೆ.

ಅವಳು ಕಂಬಿಯ ಹತ್ತಿರವೇ ಇದ್ದಳು, ನಮ್ಮ ಸೀಟಿಗೆ ಹತ್ತು ಹೆಜ್ಜೆ, ಓರ್ಲಾ ಮತ್ತು ಓರ್ಲಾಳ ಅಮ್ಮನ ಜೊತೆ. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಕೂಗಿದಳು: "ಮಾಮ, ಎಲ್ಲಿ ಕಳೆದುಹೋಗಿದ್ದೆ? ಗೋಲು ಮಿಸ್ ಮಾಡಿಕೊಂಡೆಯಲ್ಲಾ!" ಗಡಿಯಾರ ನೋಡಿದೆ, ನಾಲ್ಕು ನಿಮಿಷ. ತಕ್ಷಣ ನಿನಗೆ ಫೋನ್ ಮಾಡಿದೆ. ನೀನು ಎತ್ತಲಿಲ್ಲ, ಡ್ಯೂಟಿಯಲ್ಲಿದ್ದೆ. ಅದಕ್ಕೇ ಈ ಕಾಗದ.

ಅವಳಿಗೆ ಏನೂ ಅನ್ನಿಸಿಲ್ಲ. ಅವಳ ಪಾಲಿಗೆ ಕಳೆದವನು ನಾನು. ಆದರೂ ನೀನು ಹೇಳಿದ್ದೆ, ಎಷ್ಟೇ ಚಿಕ್ಕದಿರಲಿ ಎಂದು. ನನಗೆ ಅದು ಚಿಕ್ಕದಾಗಿರಲಿಲ್ಲ.

ಇನ್ನು ಮೇಲೆ ಅವಳನ್ನು ನನ್ನ ಜೊತೆ ಕಳಿಸುವುದಿಲ್ಲ ಎಂದರೆ ನಾನು ವಾದ ಮಾಡುವುದಿಲ್ಲ. ಆ ಹಸಿರು ನೋಡಿ ನಿಂತಾಗ ಅವಳ ಪಕ್ಕದಲ್ಲಿ ನಾನಿದ್ದೆ. ಅದನ್ನು ಕೊಟ್ಟಿದ್ದಕ್ಕೆ ನಿನಗೆ ಋಣಿ.

ವತ್ಸ


ಡಗ್ಲಸ್
1 ಜೂನ್ 2025

ಪ್ರೀತಿಯ ಮಾಮನಿಗೆ,

ಮ್ಯಾಚಿನಲ್ಲಿ ಕೊಡಿಸಿದ ಸ್ಕಾರ್ಫ್‌ಗೆ ಥ್ಯಾಂಕ್ಸ್. ಹಾಕಿಕೊಂಡೇ ಮಲಗುತ್ತೇನೆ. ಒಂದು–ಸೊನ್ನೆ!

ಪಾರ್ವತಿ ಮಿಸ್ "ನಾನು ನೋಡಿದ ಮೊದಲ ಮ್ಯಾಚ್" ಎಂದು ಬರೆಯಲು ಹೇಳಿದರು. ಎರಡು ಪುಟ ಬರೆದೆ. ಅದರಲ್ಲಿ ನಿಮ್ಮ ಬಗ್ಗೆ ಒಂದು ದೂರು ಇದೆ, ನಿಮಗೂ ಹೇಳುತ್ತೇನೆ. ಮಾಮ, ನೀವು ಮ್ಯಾಚ್ ನೋಡಲೇ ಇಲ್ಲ. ಎಲ್ಲರೂ ಬಾಲ್ ನೋಡುತ್ತಿದ್ದರು, ನೀವು ನನ್ನನ್ನು ನೋಡುತ್ತಿದ್ದಿರಿ. ಗೋಲಿನ ಮುಂಚೆಯೂ ಅಷ್ಟೇ, ಆಮೇಲೂ ಅಷ್ಟೇ. ನಾನು ಪ್ರತಿ ಸಲ ತಿರುಗಿದಾಗಲೂ ನಿಮ್ಮ ಮುಖ ಈ ಕಡೆಗೇ ಇತ್ತು. ಬ್ಯಾಗಿನ ಪಟ್ಟಿಯನ್ನು ಕೂತಾಗಲೂ ಬಿಡಲಿಲ್ಲ, ಪಟ್ಟಿಯ ಹೊಲಿಗೆ ಬಿಟ್ಟಿದೆ. ಲೆಫ್ಟ್ ಬ್ಯಾಕ್ ಯಾರು ಎಂದು ಕೇಳಿದರೆ ನಿಮಗೆ ಗೊತ್ತೇ ಇರಲಿಲ್ಲ. ಓರ್ಲಾ ಕೇಳಿದಳು, ನಿನ್ನ ಅಂಕಲ್ ಟಿಕೆಟ್ ಯಾಕೆ ತಗೊಂಡರು ಎಂದು.

ಇನ್ನೊಂದು. ಮನೆಗೆ ಬರುವಾಗ ನೀವು ತುಂಬ ಸಪ್ಪಗಿದ್ದಿರಿ. ಅದಕ್ಕೇ ನಾನು, "ಬಾಗಿಲು ತಪ್ಪಿದ ವಿಷಯ ಅಮ್ಮನಿಗೆ ಹೇಳಲ್ಲ" ಅಂದೆ. ನೀವು "ಇಲ್ಲ, ಹೇಳ್ಬೇಕು. ನಾನೇ ಹೇಳ್ತೀನಿ" ಅಂದಿರಿ. ಅಮ್ಮನಿಗೆ ಇದನ್ನು ಹೇಳಿದಾಗ ಅಮ್ಮ ಸಿಂಕಿನ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಒಂದೇ ಲೋಟ ತೊಳೆದಳು.

ಮುಂದಿನದನ್ನು ಅಮ್ಮ ಬರೆಯುತ್ತಾಳಂತೆ. ಒಂದೇ ಕವರ್.

ನಿಮ್ಮ,
ತನ್ವಿ


ಡಗ್ಲಸ್
1 ಜೂನ್ 2025

ವತ್ಸಾ,

ಇವಳ ಕಾಗದವನ್ನು ಓದಿಯೇ ಕವರಿಗೆ ಹಾಕುತ್ತಿದ್ದೇನೆ. ಓದಬಾರದಿತ್ತು, ಓದಿದೆ.

ಅವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಕಾಲ ಕೆಳಗೆ ನಿನ್ನ ಕಾಗದ. ಕೋಟೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಓದಿದೆ. "ತನ್ವಿ ಕ್ಷೇಮ" ಎಂದು ಮೊದಲೇ ಬರೆದಿದ್ದೀಯಲ್ಲ, ಒಳ್ಳೆಯದು ಮಾಡಿದೆ. ಆದರೂ "ನಾಲ್ಕು ನಿಮಿಷ" ಅನ್ನುವಲ್ಲಿ ನಿಂತು, ಮತ್ತೆ ಮೊದಲಿಂದ ಓದಿದೆ. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಹಳೆಯ ಕೋಪ ಬಂತು. ಆಮೇಲೆ ಪಾರ್ವತಿಯವರ ಮನೆಗೆ ಹೋದೆ. ತನ್ವಿ ಗೋಲಿನ ಕಥೆಯನ್ನು ಮೂರು ಸಲ ಹೇಳಿದಳು, ಅಜ್ಜ ರೆಫರಿಗೆ ಇಟ್ಟ ಹೆಸರುಗಳನ್ನೂ ಹೇಳಿದಳು. ಎರಡು ಬಾಗಿಲಿನ ಸುದ್ದಿಯೇ ಇಲ್ಲ. ನೀನು ಬರೆಯದಿದ್ದರೆ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅದು ನಿನಗೂ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಈಗ ನನ್ನದನ್ನು ಕೇಳು. ಆ ಆಗಸ್ಟಿನಲ್ಲಿ ರೈಲಿನಲ್ಲಿ ಕೂತು ಅತ್ತದ್ದು ನಿನ್ನ ಮೇಲಿನ ಕೋಪಕ್ಕಷ್ಟೇ ಅಲ್ಲ. ಮೂರು ವರ್ಷದ ಮಗುವನ್ನು ಬಿಟ್ಟು ಪರೀಕ್ಷೆ ಬರೆಯಲು ಹೋದವಳು ನಾನು. ಆ ಭಾರ ಹೊರಲಾರದೆ ಪೂರ್ತಿ ನಿನ್ನ ತಲೆಯ ಮೇಲೆ ಇಟ್ಟೆ. ಇಟ್ಟ ಮೇಲೆ ಇಳಿಸಲು ಗೊತ್ತಾಗಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರೆ. ಇಷ್ಟು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ಕಿವಿಯ ವಿಷಯ. ಅತ್ತೆ ಕೇಳಿದರು, ಪಾರ್ವತಿ ಕೇಳಿದರು, ತನ್ವಿ ವಾರಕ್ಕೊಮ್ಮೆ ಕೇಳಿದಳು. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದೆ. ಇನ್‌ಫೆಕ್ಷನ್ ಆಗುತ್ತದೆ ಅಂದೆ, ಸ್ಕೂಲಿನಲ್ಲಿ ಬಿಡುವುದಿಲ್ಲ ಅಂದೆ. ಡಾಕ್ಟರ್ ಹೇಳಿದರೆ ಜನ ನಂಬುತ್ತಾರೆ. ನಿಜ ಏನೆಂದರೆ ಎರಡು ಸಲ ಅಂಗಡಿಯ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ನಿನ್ನನ್ನು ಕರೆಯಲು ಬಾಯಿ ಬರಲಿಲ್ಲ, ನಿನ್ನನ್ನು ಬಿಟ್ಟು ಚುಚ್ಚಿಸಲು ಮನಸ್ಸು ಬರಲಿಲ್ಲ. ಅವಳಿಗೆ ಇರುವವನು ಒಬ್ಬನೇ ಮಾಮ.

ಜೂನ್ 21, ಶನಿವಾರ. ದಿಲೀಪ್ ಬಂದಿರುತ್ತಾರೆ. ಊರಿನ ಒಡವೆ ಅಂಗಡಿಯಲ್ಲಿ ಹನ್ನೊಂದಕ್ಕೆ ಹೇಳಿದ್ದೇನೆ. ಓಲೆ ತೆಗೆದುಕೊಂಡು ಬಾ. ನಮ್ಮ ಮನೆಯಲ್ಲೇ ಉಳಿದುಕೋ, ಗೆಸ್ಟ್‌ಹೌಸು ಗಿಸ್ಟ್‌ಹೌಸು ಬೇಡ. ನಾನು ಪುಳಿಯೋಗರೆ ಮಾಡುತ್ತೇನೆ, ಹಪ್ಪಳ ಕರಿಯುತ್ತೇನೆ. ತೊಡೆಯ ಮೇಲೆ ಕೂರುವುದಿಲ್ಲವಂತೆ ಇವಳು, ಅಂಗಡಿಯಲ್ಲಿ ಓರ್ಲಾ ನೋಡಿಬಿಟ್ಟರೆ ಮರ್ಯಾದೆ ಹೋಗುತ್ತದಂತೆ. ಬೇಕಾದರೆ ನಿನ್ನ ಕೈ ಹಿಡಿದುಕೊಳ್ಳುತ್ತಾಳಂತೆ. ಶಾಸ್ತ್ರಕ್ಕೆ ಅಷ್ಟು ಸಾಕು.

ಹಿಂದಿನ ದಿನ ಶುಕ್ರವಾರ ಮತ್ತೆ ಮ್ಯಾಚಿದೆ. ನನಗೆ ರಜ. ಮೂರು ಟಿಕೆಟ್ ತೆಗೆದಿದ್ದೇನೆ.

ಮಹಾರಾಜ ಕಾಲೇಜಿನ ಮೈದಾನದಲ್ಲಿ ಅವತ್ತು ಯಾರು ಗೆದ್ದರು ವತ್ಸ? ನನಗೆ ಇವತ್ತಿಗೂ ಗೊತ್ತಿಲ್ಲ. ಇಡೀ ದಿನದಲ್ಲಿ ಒಂದು ಬಾಲನ್ನೂ ನಾನು ನೋಡಿರಲಿಲ್ಲ. ನಿನ್ನನ್ನೇ ನೋಡುತ್ತಿದ್ದೆ.

ಈ ಸಲ ಪಟ್ಟಿ ನಾನು ಹಿಡಿದಿರುತ್ತೇನೆ. ನೀನು ಮ್ಯಾಚ್ ನೋಡು.

ನಿನ್ನ,
ಅಕ್ಕ